ಬೇಗ ಓದುವವಳಿಗೆ ಯಾವ ಇ-ರೀಡರ್?

ತಂಗಿ: ಅಕ್ಕ, ನನಗೊಂದು ಇ-ರೀಡರ್ ತಗೋಬೇಕು. ಹತ್ತು ಸಾವಿರ ರೂಪಾಯಿ ಎತ್ತಿಟ್ಟಿದ್ದೀನಿ. ಅದಕ್ಕಿಂತ ಜಾಸ್ತಿ ಹಾಕೋಕೆ ಆಗಲ್ಲ. ಯಾವುದು ತಗೊಳ್ಳಲಿ?

ಅಕ್ಕ: ಹೋದ ತಿಂಗಳು ಏನೇನು ಓದಿದೆ, ಅವೆಲ್ಲ ಎಲ್ಲಿಂದ ಬಂದವು, ಅದನ್ನ ಮೊದಲು ಹೇಳು.

ತಂಗಿ: ಏಳೆಂಟು ಪುಸ್ತಕ ಇರಬಹುದು. ಹೆಚ್ಚಿನವು ಇಂಗ್ಲಿಷ್ ಕಾದಂಬರಿ, ಎರಡು ಮೂರು ಕನ್ನಡದವು. ಎರಡು ಲೈಬ್ರರಿಯದು, ಉಳಿದದ್ದೆಲ್ಲ ಕೊಂಡಿದ್ದು. ನನ್ನ ಕಷ್ಟ ನಿನಗೆ ಗೊತ್ತಲ್ಲ, ಒಂದು ಪುಸ್ತಕ ಎರಡು ಮೂರು ದಿನಕ್ಕೆ ಮುಗಿದುಹೋಗುತ್ತೆ. ಪಿ.ಜಿ. ರೂಮಿನಲ್ಲಿ ಇಡೋಕೂ ಜಾಗ ಇಲ್ಲ.

ಅಕ್ಕ: ಹಾಗಾದ್ರೆ ಲೆಕ್ಕ ಹಾಕೋಣ. ತಿಂಗಳಿಗೆ ಐದು ಪುಸ್ತಕ ಕೊಳ್ತೀಯ, ಒಂದಕ್ಕೆ ಮುನ್ನೂರು ರೂಪಾಯಿ ಅಂತ ಇಟ್ಟುಕೋ. ತಿಂಗಳಿಗೆ 1,500, ವರ್ಷಕ್ಕೆ 18,000. ಜೋಪಾನ ಮಾಡಿದ್ರೆ ಇ-ರೀಡರ್ ಐದು ವರ್ಷ ಬಾಳುತ್ತೆ. ಅಷ್ಟರಲ್ಲಿ ಪುಸ್ತಕಕ್ಕೆ 90,000 ಖರ್ಚು ಮಾಡಿರ್ತೀಯ, ಯಂತ್ರಕ್ಕೆ ಹಾಕಿದ್ದು ಹತ್ತು ಸಾವಿರ. ವರ್ಷಕ್ಕೆ ನಾಲ್ಕೈದು ಪುಸ್ತಕ ಓದುವವರು ಯಂತ್ರದ ಬೆಲೆ ನೋಡಿ ಕೊಂಡರೆ ನಡೆಯುತ್ತೆ. ನಿನ್ನಂಥವಳು ನೋಡಬೇಕಾದ್ದು, ಮುಂದಿನ ಐದು ವರ್ಷ ಪುಸ್ತಕ ಎಲ್ಲಿಂದ, ಎಷ್ಟಕ್ಕೆ ಬರುತ್ತೆ, ಅವನ್ನೆಲ್ಲ ಈ ಯಂತ್ರ ತೆರೆಯುತ್ತಾ ಅನ್ನೋದನ್ನ.

ತಂಗಿ: ಇ-ಪುಸ್ತಕ ಅಗ್ಗ ಅಲ್ವಾ? ಅಲ್ಲೇ ಉಳಿತಾಯ ಆಗುತ್ತೆ ಅಂದುಕೊಂಡಿದ್ದೆ.

ಅಕ್ಕ: ಎಲ್ಲವೂ ಅಗ್ಗ ಅಲ್ಲ. ಹೊಸ ಇಂಗ್ಲಿಷ್ ಪುಸ್ತಕಗಳಲ್ಲಿ ಎಷ್ಟೋ ಸಲ ಪೇಪರ್‌ಬ್ಯಾಕಿಗೂ ಇ-ಪುಸ್ತಕಕ್ಕೂ ಹೆಚ್ಚು ಅಂತರ ಇರಲ್ಲ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. ಅಚ್ಚಿನ ಪುಸ್ತಕ ಓದಿ ಮುಗಿಸಿ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗೆ ಕೊಟ್ಟರೆ ಒಂದಿಷ್ಟು ಹಣ ವಾಪಸ್ ಬರುತ್ತೆ, ಗೆಳತಿಗೆ ಕೊಟ್ಟರೆ ಅವಳೂ ಓದ್ತಾಳೆ. ಇ-ಪುಸ್ತಕ ಹಾಗೆ ಕೈ ಬದಲಾಗಲ್ಲ. ಉಳಿತಾಯ ಆಗೋದು ಮೂರು ದಾರಿಯಲ್ಲಿ: ಹಕ್ಕುಸ್ವಾಮ್ಯ ಮುಗಿದ ಉಚಿತ ಪುಸ್ತಕ, ಗ್ರಂಥಾಲಯದ ಎರವಲು, ತಿಂಗಳ ಚಂದಾ. ಇದರಲ್ಲಿ ನಿನ್ನ ದಾರಿ ಯಾವುದು ಅಂತ ಗೊತ್ತಾಗಬೇಕು.

ತಂಗಿ: ಚಂದಾ ಚೆನ್ನಾಗಿಲ್ವಾ? ಬೇಗ ಓದುವವರಿಗೆ ಅದೇ ಲಾಭ ಅಂತಾರೆ.

ಅಕ್ಕ: ಅಮೆಜಾನ್‌ನ ಕಿಂಡಲ್ ಅನ್‌ಲಿಮಿಟೆಡ್ ಅನ್ನೋ ಚಂದಾಕ್ಕೆ ತಿಂಗಳಿಗೆ ಇನ್ನೂರು ರೂಪಾಯಿಯ ಆಸುಪಾಸು. ಪತ್ತೇದಾರಿ, ಪ್ರಣಯ, ವೈಜ್ಞಾನಿಕ ಕಥೆ ಓದುವವರಿಗೆ ಅದರಲ್ಲಿ ಬೇಕಾದಷ್ಟು ಸರಕಿದೆ. ದೊಡ್ಡ ಪ್ರಕಾಶಕರ ಹೊಸ ಪುಸ್ತಕಗಳು ಮಾತ್ರ ಅಲ್ಲಿ ಕಡಿಮೆ. ನೀನು ಓದಬೇಕು ಅಂತ ಬರೆದಿಟ್ಟುಕೊಂಡ ಪಟ್ಟಿ ಇದೆಯಲ್ಲ, ಅದರ ಮೊದಲ ಇಪ್ಪತ್ತು ಹೆಸರನ್ನ ಅಲ್ಲಿ ಹುಡುಕು. ಅರ್ಧದಷ್ಟು ಸಿಕ್ಕರೆ ಚಂದಾ ಹಾಕು. ಮೂರೋ ನಾಲ್ಕೋ ಸಿಕ್ಕರೆ ಬೇಡ.

ತಂಗಿ: ಸರಿ. ಬೇಗ ಓದುವವರಿಗೆ ಯಂತ್ರದಲ್ಲಿ ಏನಾದ್ರೂ ವಿಶೇಷ ಬೇಕಾ?

ಅಕ್ಕ: ಬೇಕು. ನೀನು ಎಷ್ಟು ಬೇಗ ಓದ್ತೀಯ ಅಂತ ಅಂದಾಜಿದೆಯಾ?

ತಂಗಿ: ಇಂಗ್ಲಿಷ್ ಕಾದಂಬರಿ ಆದ್ರೆ ನಿಮಿಷಕ್ಕೆ ನಾನೂರು ಪದದ ಹತ್ತಿರ.

ಅಕ್ಕ: ಮಾರ್ಕ್ ಬ್ರಿಸ್‌ಬಾರ್ಟ್ ಅನ್ನೋ ಬೆಲ್ಜಿಯಂ ಮನಶ್ಶಾಸ್ತ್ರಜ್ಞರು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದ್ರು. ಇಂಗ್ಲಿಷಿನಲ್ಲಿ ಮೌನವಾಗಿ ಓದುವ ವಯಸ್ಕರ ಸರಾಸರಿ ಕಥೆ-ಕಾದಂಬರಿಗೆ ನಿಮಿಷಕ್ಕೆ 260 ಪದ, ಉಳಿದ ಗದ್ಯಕ್ಕೆ 238. ನೀನು ಅದಕ್ಕಿಂತ ಒಂದೂವರೆ ಪಟ್ಟು ಮುಂದಿದ್ದೀಯ. ಆರು ಇಂಚಿನ ಪರದೆಯಲ್ಲಿ ಹದವಾದ ಅಕ್ಷರ ಇಟ್ಟರೆ ಪುಟಕ್ಕೆ ಇನ್ನೂರು ಪದ ಹಿಡಿಯುತ್ತೆ ಅಂದುಕೋ. ಅಂದ್ರೆ ಅರ್ಧ ನಿಮಿಷಕ್ಕೊಮ್ಮೆ ಪುಟ ತಿರುಗಿಸಬೇಕು, ಗಂಟೆಗೆ 120 ಸಲ. ಅದಕ್ಕೇ ಪುಟ ತಿರುಗುವ ಚುರುಕು ಮುಖ್ಯ. ಸೆಕೆಂಡ್ ಹ್ಯಾಂಡಿನಲ್ಲಿ ತೀರಾ ಹಳೆಯದನ್ನ ಕೊಂಡರೆ ಪ್ರತಿ ಪುಟಕ್ಕೂ ತಡವರಿಸುತ್ತೆ, ಓದಿನ ಲಯ ಕೆಡುತ್ತೆ. ಪಕ್ಕದಲ್ಲಿ ಪುಟ ತಿರುಗಿಸೋ ಬಟನ್ ಇದ್ದರೆ ಬಸ್ಸಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಓದೋಕೆ ಅನುಕೂಲ. ಆದರೆ ಬಟನ್ ಇರೋ ಮಾದರಿಗಳು ಸಾಮಾನ್ಯವಾಗಿ ದುಬಾರಿ. ನಿನ್ನ ಬಜೆಟ್ಟಿಗೆ ಅದನ್ನ ಬಿಡಬಹುದು.

ತಂಗಿ: ಅಷ್ಟು ಸಲ ಪುಟ ತಿರುಗಿಸಿದ್ರೆ ಬ್ಯಾಟರಿ? ವಾರಗಟ್ಟಲೆ ಬರುತ್ತೆ ಅಂತ ಜಾಹೀರಾತಿನಲ್ಲಿ ಇರುತ್ತಲ್ಲ.

ಅಕ್ಕ: ಆ ಲೆಕ್ಕದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರೋದನ್ನ ಓದಬೇಕು. ಕಿಂಡಲ್‌ನ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದಿಗೆ ಕಟ್ಟಿದ್ದು, ಅದೂ ವೈಫೈ ಆಫ್ ಮಾಡಿ. ಆರು ವಾರ ಅಂದ್ರೆ 42 ದಿನ, ದಿನಕ್ಕೆ ಅರ್ಧ ಗಂಟೆ, ಒಟ್ಟು 21 ಗಂಟೆ. ದಿನಕ್ಕೆ ಮೂರು ಗಂಟೆ ಓದಿದ್ರೆ ಅದು ಒಂದು ವಾರ. ಹನ್ನೆರಡು ವಾರ ಅಂತ ಹೇಳೋ ಯಂತ್ರ ಎರಡು ವಾರ ಬರುತ್ತೆ. ವಾರಕ್ಕೊಮ್ಮೆ ಚಾರ್ಜ್ ಮಾಡೋದೇನು ಕಷ್ಟ ಅಲ್ಲ. ಬ್ಯಾಟರಿ ಇಮ್ಮಡಿ ಅನ್ನೋದಕ್ಕೋಸ್ಕರ ಹಣ ಸುರಿಯೋದು ಬೇಡ ಅಷ್ಟೇ.

ತಂಗಿ: ಫೋನಿಗಿಂತ ಇದು ಅಷ್ಟು ಹೆಚ್ಚು ಹೊತ್ತು ಬರೋದು ಹೇಗೆ?

ಅಕ್ಕ: ಇ-ಇಂಕ್ ಪರದೆಯಲ್ಲಿ ಬಹಳ ಸಣ್ಣ ಕೋಶಗಳಿರುತ್ತೆ. ಅದರೊಳಗೆ ಬಿಳಿ, ಕಪ್ಪು ಕಣಗಳು, ಒಂದಕ್ಕೆ ಧನ ವಿದ್ಯುದಾವೇಶ, ಇನ್ನೊಂದಕ್ಕೆ ಋಣ. ವಿದ್ಯುತ್ ಕೊಟ್ಟಾಗ ಯಾವುದೋ ಒಂದು ಬಣ್ಣದ ಕಣ ಮೇಲಕ್ಕೆ ಬರುತ್ತೆ. ವಿದ್ಯುತ್ ನಿಂತ ಮೇಲೂ ಅಲ್ಲೇ ಕೂತಿರುತ್ತೆ. ಹಾಗಾಗಿ ಪುಟ ಬದಲಾಗುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು, ನೀನು ಓದ್ತಾ ಇರೋವಾಗ ಬೇಡ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ತಂತ್ರಕ್ಕೆ 1997ರಲ್ಲಿ ಕಂಪನಿ ಆಯ್ತು. 2004ರಲ್ಲಿ ಸೋನಿ ಜಪಾನಿನಲ್ಲಿ ಮೊದಲ ಇ-ಇಂಕ್ ರೀಡರ್ ಮಾರಿತು, 2007ರ ನವೆಂಬರಿನಲ್ಲಿ ಕಿಂಡಲ್ ಬಂತು. ಬೆಳಕೂ ಫೋನಿನ ಹಾಗೆ ಹಿಂದಿನಿಂದ ಕಣ್ಣಿಗೆ ಹೊಡೆಯಲ್ಲ, ಅಂಚಿನ ದೀಪ ಪರದೆಯ ಮೇಲೆ ಹರಡುತ್ತೆ. ಬಿಸಿಲಿನಲ್ಲಿ ಕೂತರೆ ಆ ದೀಪವೂ ಬೇಡ.

ತಂಗಿ: ಎಂಟು ಜಿಬಿ, ಹದಿನಾರು, ಮೂವತ್ತೆರಡು ಅಂತ ಬೇರೆ ಇದೆ. ಬೇಗ ಓದುವವರಿಗೆ ಜಾಸ್ತಿ ಬೇಕಲ್ವಾ?

ಅಕ್ಕ: ಬರೀ ಪಠ್ಯ ಇರೋ ಕಾದಂಬರಿ ಒಂದೆರಡು ಎಂಬಿ ಮೀರಲ್ಲ. ಎಂಟು ಜಿಬಿಯಲ್ಲೇ ಸಾವಿರಾರು ಪುಸ್ತಕ ಹಿಡಿಯುತ್ತೆ. ಕಾಮಿಕ್ಸ್, ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಜಾಗ ನುಂಗುತ್ತೆ. ಬಣ್ಣದ ಪರದೆಗೂ ಹಣ ಹಾಕಬೇಡ. ಈಗಿನ ಕೆಲೈಡೋ 3 ಪರದೆಯಲ್ಲಿ ಕಪ್ಪು-ಬಿಳುಪು ಇಂಚಿಗೆ 300 ಚುಕ್ಕೆ ಇದ್ದರೆ ಬಣ್ಣಕ್ಕೆ 150 ಮಾತ್ರ. ಮೇಲೆ ಬಣ್ಣದ ಪದರ ಇರೋದರಿಂದ ಹಿನ್ನೆಲೆಯ ಬಿಳುಪೂ ಮಂಕು. ಕಾದಂಬರಿ ಓದುವವರಿಗೆ ಅದರಿಂದ ಉಪಯೋಗ ಇಲ್ಲ. ಆದರೆ ಆ 300 ಇದೆಯಲ್ಲ, ಅದನ್ನ ಬಿಡಬೇಡ, ಅದೂ ಕನ್ನಡ ಓದೋದಾದ್ರೆ.

ತಂಗಿ: ಕನ್ನಡಕ್ಕೆ ಬೇರೆ ಲೆಕ್ಕವಾ?

ಅಕ್ಕ: ಪುಟ ಕಟ್ಟೋದೇ ನನ್ನ ಕೆಲಸ, ದಿನಾ ನೋಡ್ತೀನಿ. ನಮ್ಮ ಅಕ್ಷರದ ಕೆಳಗೆ ಒತ್ತು ಬರುತ್ತೆ, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಹಳೆಯ ಅಗ್ಗದ ಮಾದರಿಗಳಲ್ಲಿ ಇಂಚಿಗೆ 167 ಚುಕ್ಕೆ. ಇಂಗ್ಲಿಷಿಗೆ ಅದು ಸಾಕಾಗಬಹುದು, ಕನ್ನಡದ ಒತ್ತಕ್ಷರ ಅಲ್ಲಿ ಕಲಸಿಹೋಗುತ್ತೆ. ಕಿಂಡಲ್‌ನ ಮೂಲ ಮಾದರಿ 300 ಚುಕ್ಕೆಗೆ ಬಂದದ್ದು 2022ರಲ್ಲಿ. ಅದಕ್ಕಿಂತ ಹಳೆಯ ಮೂಲ ಮಾದರಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಿನಗೆ ಬೇಡ. ಕಿಂಡಲ್‌ನದೇ ಮೇಲಿನ ಮಾದರಿ ಪೇಪರ್‌ವೈಟ್ ಹಳೇದಾದ್ರೂ ಪರವಾಗಿಲ್ಲ, 2015ರಿಂದಲೇ ಅದರಲ್ಲಿ 300 ಇದೆ.

ತಂಗಿ: ಅಂದ್ರೆ 300 ಇದ್ದರೆ ಕನ್ನಡ ಚೆನ್ನಾಗಿ ಕಾಣುತ್ತೆ.

ಅಕ್ಕ: ಅಷ್ಟೇ ಸಾಲದು. ಅಕ್ಷರ ಜೋಡಿಸೋ ತಂತ್ರಾಂಶವೂ ಸರಿ ಇರಬೇಕು. ಇಲ್ಲದಿದ್ರೆ ಒತ್ತು ಪಕ್ಕಕ್ಕೆ ಬಂದು ನಿಲ್ಲುತ್ತೆ, ಸ್ವರಚಿಹ್ನೆ ಬಿಡಿಯಾಗಿ ಚುಕ್ಕಿ ವೃತ್ತದ ಜೊತೆ ಕಾಣುತ್ತೆ. ಕೊಳ್ಳೋ ಮೊದಲು ಒಂದು ಸಣ್ಣ ಕಡತ ಮಾಡಿಕೊಂಡು ಹೋಗು. ‘ರಾಷ್ಟ್ರ, ಸ್ತ್ರೀ, ಉತ್ಪ್ರೇಕ್ಷೆ, ಧರ್ಮ, ಅರ್ಘ್ಯ, ಕೋಟೆ’ ಅಂತ ಬರೆದು ಇಪಬ್, ಅಂದ್ರೆ ಇ-ಪುಸ್ತಕದ ಕಡತ, ಮಾಡು. ಯಂತ್ರದಲ್ಲಿ ಹಾಕಿ ತೆರೆದು ನೋಡು. ಒತ್ತು, ಅರ್ಕಾವತ್ತು, ದೀರ್ಘ ಎಲ್ಲ ತಮ್ಮ ಜಾಗದಲ್ಲಿ ಇದ್ದರೆ ಆ ಯಂತ್ರ ಕನ್ನಡ ಬಲ್ಲದು.

ತಂಗಿ: ಕನ್ನಡ ಪುಸ್ತಕಗಳನ್ನ ಕಿಂಡಲ್ ಅಂಗಡಿಯಲ್ಲೇ ಕೊಂಡರೆ ಈ ಪರೀಕ್ಷೆ ಬೇಕಾಗಲ್ಲ ಅಲ್ವಾ?

ಅಕ್ಕ: ಅಮೆಜಾನ್ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕ ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಐದೇ ಇದ್ದವು. ಕನ್ನಡ ಇರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ. ನಮ್ಮ ಪ್ರಕಾಶಕರು, ಓದುಗರು ಬೇರೆ ದಾರಿ ಹಿಡಿಯಬೇಕಾಯ್ತು. ಈಗ ಹೊಸ ಕನ್ನಡ ಇ-ಪುಸ್ತಕಗಳು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಸಿಗುತ್ತೆ, ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಇವೆ. ಆ್ಯಪ್‌ನಲ್ಲಿ ಕೊಂಡದ್ದನ್ನ ಆ ಆ್ಯಪ್‌ನೊಳಗೇ ಓದಬೇಕು. ಆ್ಯಪ್ ಹಾಕೋಕೆ ಕಿಂಡಲ್‌ನಲ್ಲೂ ಆಗಲ್ಲ, ಕೋಬೋ ಅನ್ನೋ ಇನ್ನೊಂದು ಇ-ರೀಡರಿನಲ್ಲೂ ಆಗಲ್ಲ.

ತಂಗಿ: ಆಂಡ್ರಾಯ್ಡ್ ಇರೋ ಇ-ಇಂಕ್ ಯಂತ್ರಗಳೂ ಬರುತ್ತಲ್ಲ?

ಅಕ್ಕ: ಬೂಕ್ಸ್‌ನಂಥವು ಬರುತ್ತೆ. ಅದರಲ್ಲಿ ಎಲ್ಲ ಆ್ಯಪ್‌ಗಳೂ ಹಾಕಬಹುದು. ಆದರೆ ಹೊಸದು ನಿನ್ನ ಹತ್ತು ಸಾವಿರಕ್ಕೆ ಸಿಗೋದು ಕಷ್ಟ, ಬ್ಯಾಟರಿಯೂ ಬೇಗ ಇಳಿಯುತ್ತೆ. ನಿನ್ನ ಓದಿನಲ್ಲಿ ಮುಕ್ಕಾಲು ಪಾಲು ಕನ್ನಡ ಆ್ಯಪ್‌ನದೇ ಆಗಿದ್ದರೆ ಇನ್ನೊಂದು ಆರು ತಿಂಗಳು ಹಣ ಕೂಡಿಟ್ಟು ಅದನ್ನೇ ತಗೋ ಅಂತಿದ್ದೆ. ತಿಂಗಳಿಗೆ ಎರಡು ಮೂರು ಕನ್ನಡ ಪುಸ್ತಕ ಅಂದ್ರೆ, ಆ್ಯಪ್‌ನವನ್ನ ಫೋನಿನಲ್ಲಿ ಓದು, ಉಳಿದದ್ದಕ್ಕೆ ಸಾಮಾನ್ಯ ಇ-ರೀಡರ್ ಸಾಕು.

ತಂಗಿ: ಹಳೆಯ ಕನ್ನಡ ಪುಸ್ತಕಗಳು? ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ರಾಶಿ ಇವೆ, ಎಲ್ಲ ಪಿಡಿಎಫ್.

ಅಕ್ಕ: ಅದರಲ್ಲಿ ಎರಡು ಬಗೆ. ಒಂದು ಪುಟದ ಫೋಟೋ, ಅಂದ್ರೆ ಸ್ಕ್ಯಾನ್. ಇನ್ನೊಂದು ನುಡಿ, ಬರಹ ಅನ್ನೋ ಕನ್ನಡ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಪುಟ ಕಟ್ಟಿ ಮಾಡಿದ್ದು. ಎರಡನೆಯದು ಪರದೆಯಲ್ಲಿ ಚೆನ್ನಾಗೇ ಕಾಣುತ್ತೆ, ಅಕ್ಷರ ದೊಡ್ಡದು ಮಾಡೋಣ ಅಂತ ಇಪಬ್‌ಗೆ ಬದಲಿಸಿದ್ರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತೆ, ಯಾಕಂದ್ರೆ ಒಳಗಿರೋದು ಯೂನಿಕೋಡ್ ಅಲ್ಲ. ಎರಡನ್ನೂ ಪುಟವಾಗೇ ಓದಬೇಕು.

ತಂಗಿ: ಆರು ಇಂಚಿನಲ್ಲಿ ಆಗುತ್ತಾ?

ಅಕ್ಕ: ಅಳತೆ ಹಾಕು. ಆರು ಇಂಚು ಅನ್ನೋದು ಮೂಲೆಯಿಂದ ಮೂಲೆಗೆ. ಪರದೆಯ ಅಗಲ 3.6 ಇಂಚು, ಉದ್ದ 4.8. ನಾವು ಸಾಮಾನ್ಯವಾಗಿ ಅಚ್ಚು ಹಾಕೋ ಡೆಮಿ 1/8 ಪುಟದ ಅಗಲ ಐದೂವರೆ ಇಂಚಿನ ಹತ್ತಿರ. ಅದನ್ನ ನೇರವಾಗಿ ಹಾಕಿದ್ರೆ ಅಕ್ಷರ ಮೂರನೇ ಎರಡು ಪಾಲಿಗೆ ಇಳಿಯುತ್ತೆ, ಕಣ್ಣು ಸೋಲುತ್ತೆ. ಈಗ ಕಂಪ್ಯೂಟರಿನಲ್ಲಿ ಸುತ್ತಲ ಬಿಳೀ ಅಂಚು ಕತ್ತರಿಸು, ನಾಲ್ಕು ಚಿಲ್ಲರೆ ಇಂಚಿನ ಅಚ್ಚು ಉಳಿಯುತ್ತೆ. ಯಂತ್ರವನ್ನ ಅಡ್ಡ ತಿರುಗಿಸು, 4.8 ಇಂಚಿನ ಅಗಲ ಸಿಗುತ್ತೆ. ಅಚ್ಚಿನ ಪುಸ್ತಕದಲ್ಲಿ ಇದ್ದಷ್ಟೇ, ಸ್ವಲ್ಪ ಹೆಚ್ಚೇ, ದೊಡ್ಡ ಅಕ್ಷರ ಕಾಣುತ್ತೆ. ಒಂದು ಪುಟಕ್ಕೆ ಎರಡು ಸಲ ತಿರುಗಿಸಬೇಕು ಅಷ್ಟೇ. ಸ್ಕ್ಯಾನ್ ಓದೋಕೆ ಅಂತಲೇ ಹತ್ತು ಇಂಚಿನ ದುಬಾರಿ ಯಂತ್ರ ಬೇಕಾಗಲ್ಲ.

ತಂಗಿ: ಉಚಿತ ಪುಸ್ತಕ ಅಂದೆಯಲ್ಲ, ಅದರಲ್ಲಿ ನನ್ನ ಓದಿಗೆ ಸಾಕಾಗೋಷ್ಟು ಇದೆಯಾ?

ಅಕ್ಕ: ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ಗುಟೆನ್‌ಬರ್ಗ್ ಒಂದರಲ್ಲೇ, ಬೇರೆ ಭಾಷೆಯವೂ ಸೇರಿ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಸ್ತಕ ಇದೆ. ಮೈಕಲ್ ಹಾರ್ಟ್ 1971ರಲ್ಲಿ ಶುರುಮಾಡಿದ್ದು. ಡಿಕನ್ಸ್, ಆಸ್ಟೆನ್, ಕಾನನ್ ಡಾಯ್ಲ್ ಎಲ್ಲ ಇಪಬ್‌ನಲ್ಲೇ ಸಿಗ್ತಾರೆ. ಕನ್ನಡಕ್ಕೆ ವಿಕಿಸೋರ್ಸ್ ಇದೆ, ಸರ್ಕಾರದ ಕಣಜ ಇದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ. ಎಂ. ಎಸ್. ಪುಟ್ಟಣ್ಣ, ಪಂಜೆ ಮಂಗೇಶರಾಯರು, ಗಳಗನಾಥರು, ಬಿಎಂಶ್ರೀ ಬರೆದದ್ದು ಎಂದೋ ಎಲ್ಲರದಾಗಿದೆ. ಗೋವಿಂದ ಪೈಗಳು ಹೋದದ್ದು 1963ರಲ್ಲಿ, 2024ರ ಜನವರಿಯಿಂದ ಅವರ ಬರಹವೂ ಮುಕ್ತ. ಅದರ ಜೊತೆಗೆ ಲೈಬ್ರರಿ ಕಾರ್ಡ್ ಬಿಡಬೇಡ. ಹೊಸ ಪುಸ್ತಕ ಬೇಗ ಓದಿ ವಾಪಸ್ ಮಾಡುವವರಿಗೆ ಕಬ್ಬನ್ ಪಾರ್ಕಿನ ಗ್ರಂಥಾಲಯಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ತಂಗಿ: ಒಂದು ಭಯ ಇದೆ ಅಕ್ಕ. ಕೊಂಡ ಇ-ಪುಸ್ತಕ ನಿಜವಾಗಿ ನಂದೇ ಆಗಿರುತ್ತಾ?

ಅಕ್ಕ: ಹೆಚ್ಚಿನ ಕಡೆ ಇಲ್ಲ. ನೀನು ಕೊಳ್ಳೋದು ಓದೋ ಪರವಾನಗಿ. 2009ರ ಜುಲೈನಲ್ಲಿ ಅಮೆಜಾನ್ ತಾನು ಮಾರಿದ್ದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳ ಒಂದು ಆವೃತ್ತಿಯನ್ನ ಓದುಗರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿ ಹಣ ಹಿಂದಿರುಗಿಸಿತು. ಮಾರಿದವರಿಗೇ ಹಕ್ಕು ಇರಲಿಲ್ಲ ಅನ್ನೋದು ಕಾರಣ. ಆಮೇಲೆ ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದ್ರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೂ ತೆರೆಯದಾದವು, ಹಣ ಮಾತ್ರ ವಾಪಸ್ ಬಂತು. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕವನ್ನ ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿಯಲ್ಲಿ ಯಂತ್ರಕ್ಕೆ ಹಾಕೋ ಸೌಲಭ್ಯ ತೆಗೆದುಹಾಕಿತು. ವರ್ಷಕ್ಕೆ ನೂರು ಪುಸ್ತಕ ಓದುವವಳ ಇಡೀ ಸಂಗ್ರಹ ಒಂದೇ ಅಂಗಡಿಯ ಬೀಗದೊಳಗೆ ಇರಬಾರದು. ಬೀಗ ಇಲ್ಲದ ಇಪಬ್ ಎಲ್ಲಿ ಸಿಗುತ್ತೋ ಅಲ್ಲಿ ಅದನ್ನೇ ಕೊಳ್ಳು, ಒಂದು ಪ್ರತಿ ಕಂಪ್ಯೂಟರಿನಲ್ಲಿ ಇಟ್ಟುಕೋ. ಕಡತಗಳನ್ನ ಜೋಡಿಸಿಡೋಕೆ, ಯಂತ್ರಕ್ಕೆ ಕಳಿಸೋಕೆ ಕ್ಯಾಲಿಬರ್ ಅನ್ನೋ ಉಚಿತ ತಂತ್ರಾಂಶ ಇದೆ. ಅದನ್ನ 2006ರಲ್ಲಿ ಶುರುಮಾಡಿದ್ದು ಭಾರತದವರೇ, ಕೋವಿದ್ ಗೋಯಲ್.

ತಂಗಿ: ಇನ್ನು ಯಂತ್ರಕ್ಕೆ ಬಾ. ಯಾವುದು?

ಅಕ್ಕ: 2022ರ ಮೂಲ ಕಿಂಡಲ್ ಇಲ್ಲಿ ಬಂದಾಗ 9,999 ರೂಪಾಯಿ. 2025ರಲ್ಲಿ ಬಂದ ಏಳು ಇಂಚಿನ ಪೇಪರ್‌ವೈಟ್ 16,999. ಎರಡನೆಯದು ನಿನಗೆ ಬೇಡ. ನಿನ್ನ ಓದು ಹೆಚ್ಚಾಗಿ ಕಿಂಡಲ್ ಅಂಗಡಿಯ ಇಂಗ್ಲಿಷ್, ಚಂದಾ ಅಂತಾದ್ರೆ 2022ರ ಮೂಲ ಮಾದರಿಯನ್ನ ಕೈ ಬದಲಾದದ್ದೋ ರಿಫರ್ಬಿಶ್ಡೋ ಹುಡುಕು. ಬೀಗ ಇಲ್ಲದ ಕಡತಗಳು, ಕನ್ನಡ ಇಪಬ್, ಸ್ಕ್ಯಾನ್ ಹೆಚ್ಚು ಅಂತಾದ್ರೆ ಕೋಬೋ ಕ್ಲಾರಾ. 2024ರಲ್ಲಿ ಅಮೆರಿಕದಲ್ಲಿ ಕ್ಲಾರಾ ಬಿಡಬ್ಲ್ಯು 130 ಡಾಲರಿಗೆ ಬಂತು, ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೊಂದು ಸಾವಿರ. ಬಳಸಿದ ಹಳೇ ಕ್ಲಾರಾ ಅದಕ್ಕಿಂತ ಕಡಿಮೆಗೆ ಬರುತ್ತೆ. ಅಲ್ಲಿಂದ ಊರಿಗೆ ಬರೋ ನೆಂಟರ ಕೈಲಿ ತರಿಸಬಹುದು. ಇಪಬ್ ಹಾಗೇ ತೆರೆಯುತ್ತೆ, ನಿನ್ನ ಇಷ್ಟದ ಕನ್ನಡ ಫಾಂಟ್ ಹಾಕಿಕೊಳ್ಳಬಹುದು. ಕೋರೀಡರ್ ಅನ್ನೋ ಮುಕ್ತ ತಂತ್ರಾಂಶ ಹಾಕಿದ್ರೆ ಕನ್ನಡದ ಜೋಡಣೆ ಸರಿ ಬರುತ್ತೆ, ಸ್ಕ್ಯಾನ್ ಪುಟದ ಅಂಚನ್ನೂ ಅಲ್ಲೇ ಕತ್ತರಿಸಬಹುದು. ಕ್ಲಾರಾ ಬಿಡಬ್ಲ್ಯುನಂಥ ಹೊಸ ಮಾದರಿಗಳಿಗೆ ಕೋಬೋ, ಐಫಿಕ್ಸಿಟ್ ಅನ್ನೋ ರಿಪೇರಿ ಸಂಸ್ಥೆಯ ಜೊತೆ ಸೇರಿ ಬಿಡಿಭಾಗ, ರಿಪೇರಿ ವಿವರ ಕೊಡೋಕೂ ಶುರುಮಾಡಿದೆ. ಐದು ವರ್ಷ ಬಾಳಿಸಬೇಕು ಅನ್ನುವವರಿಗೆ ಅದು ದೊಡ್ಡ ಅನುಕೂಲ.

ತಂಗಿ: ಸೆಕೆಂಡ್ ಹ್ಯಾಂಡ್ ಅಂದ್ರೆ ಏನೇನು ನೋಡಬೇಕು?

ಅಕ್ಕ: ಹಿಂದಿನ ಮಾಲೀಕರ ಖಾತೆ ತೆಗೆದಿರಬೇಕು, ನಿನ್ನ ಖಾತೆ ಹಾಕಿ ನೋಡದೆ ಹಣ ಕೊಡಬೇಡ. ದೀಪ ಪೂರ್ತಿ ಹಚ್ಚಿ, ಬಿಳಿ ಪುಟದಲ್ಲಿ ಗೆರೆ, ಕಪ್ಪು ಚುಕ್ಕೆ ಇದೆಯಾ ನೋಡು. ಇಪ್ಪತ್ತು ಮೂವತ್ತು ಪುಟ ನಿನ್ನ ವೇಗದಲ್ಲೇ ತಿರುಗಿಸು. ಹತ್ತು ನಿಮಿಷದಲ್ಲಿ ಬ್ಯಾಟರಿ ಕಾಣುವ ಹಾಗೆ ಇಳಿದರೆ ಬಿಟ್ಟುಬಿಡು. ಒಳಗಿನ ಪರದೆ ಹೆಚ್ಚಿನವಕ್ಕೆ ಗಾಜಿನದು, ಹಾಗಾಗಿ ಗಟ್ಟಿ ಕವರಿಗೆ ಐನೂರು ರೂಪಾಯಿ ಮೊದಲೇ ತೆಗೆದಿಡು.

ತಂಗಿ: ಮುಂದಿನ ವರ್ಷ ಇಲಾಖಾ ಪರೀಕ್ಷೆ ಬರೀಬೇಕು. ಆ ಪುಸ್ತಕಗಳನ್ನೂ ಇದರಲ್ಲೇ ಓದಲಾ?

ಅಕ್ಕ: ಬೇಡ. 2018ರಲ್ಲಿ ಸ್ಪೇನಿನ ಪ್ಯಾಬ್ಲೋ ಡೆಲ್‌ಗಾಡೋ ಮತ್ತು ಜೊತೆಗಾರರು 54 ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದ್ರು, ಭಾಗವಹಿಸಿದವರು 1,70,000ಕ್ಕೂ ಹೆಚ್ಚು. ಕಥನಕ್ಕೆ ಕಾಗದ, ಪರದೆ ಅನ್ನೋ ವ್ಯತ್ಯಾಸ ಕಾಣಲಿಲ್ಲ. ಮಾಹಿತಿಯ ಬರಹಕ್ಕೆ, ಅದೂ ಸಮಯದ ಒತ್ತಡದಲ್ಲಿ ಓದುವಾಗ, ಕಾಗದದಲ್ಲಿ ಓದಿದವರಿಗೇ ಹೆಚ್ಚು ಅರ್ಥ ಆಗಿತ್ತು. ಬೇಗ ಓದುವವರು ಇದನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಾದಂಬರಿಗೆ ಇ-ರೀಡರ್, ಪರೀಕ್ಷೆಗೆ ಕಾಗದ.

ತಂಗಿ: ಹಾಗಾದ್ರೆ ನನಗೆ ಬಳಸಿದ ಕ್ಲಾರಾ ಸರಿ ಅನ್ನಿಸ್ತಾ ಇದೆ. ಚಂದಾದಲ್ಲಿ ನನ್ನ ಪಟ್ಟಿಯವು ಹೆಚ್ಚು ಸಿಗಲ್ಲ ಅಂತ ನನಗೆ ಗೊತ್ತು, ಮುಂಚೆ ನೋಡಿದ್ದೆ. ಹಳೇ ಇಂಗ್ಲಿಷ್ ಕಾದಂಬರಿ ಬೇಕಾದಷ್ಟು ಬಾಕಿ ಇದೆ, ಕನ್ನಡ ಸ್ಕ್ಯಾನ್‌ಗಳೂ ಇವೆ.

ಅಕ್ಕ: ನನಗೂ ಅದೇ ಸರಿ ಅನ್ನಿಸುತ್ತೆ. ಆರು ಇಂಚು, 300 ಚುಕ್ಕೆ, ಇಪಬ್ ತೆರೆಯೋದು, ಕನ್ನಡ ಕೆಡಿಸದ್ದು. ಬೇಗ ಓದುವ, ಹಣ ಕಡಿಮೆ ಇರುವ ಕನ್ನಡದ ಓದುಗರಿಗೆ ಇಷ್ಟು ಸಾಕು. ಉಳಿದ ಹಣ ಪುಸ್ತಕಕ್ಕೆ ಹೋಗಲಿ. ಒಂದು ಕೆಲಸ ಮಾತ್ರ ನಿನ್ನಂಥ ಓದುಗರೇ ಮಾಡಬೇಕು. ನೀನು ಮೆಚ್ಚಿದ ಕನ್ನಡ ಪ್ರಕಾಶಕರಿಗೆ ಪತ್ರ ಬರೆ: ‘ನಿಮ್ಮ ಪುಸ್ತಕದ ಯೂನಿಕೋಡ್ ಇಪಬ್ ಕೊಡಿ, ಹಣ ಕೊಟ್ಟು ಕೊಳ್ತೀನಿ’ ಅಂತ. ನಮ್ಮಂಥವರು ಪುಟ ಕಟ್ಟೋವಾಗಲೇ ಅದನ್ನ ಮಾಡಿಕೊಡಬಹುದು. ಕೇಳುವವರಿದ್ದಾರೆ ಅಂತ ಪ್ರಕಾಶಕರಿಗೆ ಗೊತ್ತಾಗಬೇಕು, ಅಷ್ಟೇ.